ಕಿತ್ತಳೆ ಪೆಟ್ಟಿಗೆಗೆ ನಾನು ಹಾಕಿದ ಸಹಿ

ರಸ್ತೆಯಲ್ಲಿ ನಿಂತುಹೋದ ಕಾರುಗಳನ್ನು ಮತ್ತೆ ಚಾಲೂ ಮಾಡಿಕೊಡುವ ಒಂದು ಖಾಸಗಿ ಕಂಪನಿಯಲ್ಲಿ ನಾನು ಮೂವತ್ತಾರು ವರ್ಷ ಕೆಲಸ ಮಾಡಿದೆ. ಮೊದಲ ಇಪ್ಪತ್ತು ವರ್ಷ ಮುಂಬಯಿಯ ರಸ್ತೆಗಳಲ್ಲಿ ಕಳೆದವು. ಉಳಿದ ಹದಿನಾರು ವರ್ಷ ಕುರ್ಲಾದ ವರ್ಕ್‌ಶಾಪಿನ ಹಿಂಬದಿಯ ಪರೀಕ್ಷಾ ಕೋಣೆಯಲ್ಲಿ. ಮೆಕ್ಯಾನಿಕ್‌ಗಳ ಕೈಗೆ ಕೊಡುವ ಯಾವುದೇ ಉಪಕರಣ ಮೊದಲು ನನ್ನ ಮೇಜಿಗೆ ಬರಬೇಕು, ನಾನು ಸಹಿ ಹಾಕಿದ ಮೇಲೆಯೇ ಹೊರಗೆ ಹೋಗಬೇಕು. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಉಪಯೋಗವಾಗುವುದು ನಾನು ಎಲ್ಲೆಲ್ಲಿ ತಪ್ಪಿದೆ ಎಂಬುದು. ಅದರಲ್ಲೂ ಒಂದನ್ನು ಪೂರ್ತಿ ಹೇಳಬೇಕು.

ಮೊದಲ ತಪ್ಪು ನಡೆದದ್ದು ಮುಂಬಯಿಯ ಫೋರ್ಟ್ ಭಾಗದಲ್ಲಿ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಆಗ ನಾವು ಹದಿನಾರು ಕಿಲೋ ತೂಗುವ ಬ್ಯಾಟರಿಯನ್ನು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಸ್ಟೇಶನ್ನಿನಿಂದ ಹೆಗಲ ಮೇಲೆ ಹೊತ್ತು, ಎರಡು ದಪ್ಪ ಕೇಬಲ್‌ಗಳಿಂದ ಕಾರಿನ ಸತ್ತ ಬ್ಯಾಟರಿಗೆ ಜೋಡಿಸಿ ಇಂಜಿನ್ ಎಬ್ಬಿಸುತ್ತಿದ್ದೆವು. ಆ ದಿನ ಕಾರು ಒಬ್ಬ ವಕೀಲರದು. ಮಧ್ಯಾಹ್ನ ಅವರಿಗೆ ಬಾಂದ್ರಾದ ಕೋರ್ಟಿನಲ್ಲಿ ಕೇಸಿತ್ತು. ಅವರ ಬ್ಯಾಟರಿಯ ಎರಡೂ ತಂತಿ ಕಪ್ಪು. ತುದಿಗಳ ಮೇಲೆ ಹಸಿರು ಪುಡಿ ಕಟ್ಟಿ ಪ್ಲಸ್ ಯಾವುದು, ಮೈನಸ್ ಯಾವುದು ಕಾಣುತ್ತಿರಲಿಲ್ಲ. ವಕೀಲರು ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತಿದ್ದರು. ಒರೆಸಿ ನೋಡುವ ಬದಲು ನಾನು ಅಂದಾಜಿನ ಮೇಲೆ ಜೋಡಿಸಿದೆ. ಪಟ್ಟನೆ ಕಿಡಿ ಹಾರಿತು, ಬಾನೆಟ್ಟಿನ ಒಳಗಿನಿಂದ ಸುಟ್ಟ ವಾಸನೆ ಬಂತು. ವಕೀಲರು ಕರಿ ಕೋಟನ್ನು ಕೈಯಲ್ಲಿ ಹಿಡಿದು ಸ್ಟೇಶನ್ ಕಡೆ ಓಡಿದರು.

ನನ್ನ ಮೇಲಿನವರು ಡಿಸೋಜ ಎಂಬವರು. ಕುರ್ಲಾದಿಂದ ಬದಲಿ ಭಾಗ ಹಿಡಿದುಕೊಂಡು ತಾವೇ ಬಂದರು. ಬೈಯಲಿಲ್ಲ. "ಜೋಡಿಸುವ ಮೊದಲು ಏನು ನೋಡಿದೆ?" ಎಂದು ಹಿಂದಿಯಲ್ಲಿ ಕೇಳಿದರು. ಗಿರಾಕಿ ಅವಸರ ಮಾಡುತ್ತಿದ್ದರು ಎಂದೆ. "ನಾನು ಕೇಳಿದ್ದು ಅದಲ್ಲ. ಏನು ನೋಡಿದೆ?" "ಏನೂ ನೋಡಲಿಲ್ಲ ಸಾಹೇಬ್ರೇ" ಎಂದೆ. ಅವರು ತಲೆಯಾಡಿಸಿ ಸ್ಕ್ರೂ ಬಿಚ್ಚಲು ಕೂತರು.

ಆಮೇಲೆ ಕೆಲಸದ ರೀತಿ ಬದಲಾಗುತ್ತ ಹೋಯಿತು. ಹೆಗಲ ಮೇಲಿನ ಬ್ಯಾಟರಿ ವ್ಯಾನಿಗೆ ಹೋಯಿತು. ಹೆಡ್‌ಲೈಟ್ ಎಷ್ಟು ಮಂಕಾಗುತ್ತದೆ ಎಂದು ನೋಡಿ ಬ್ಯಾಟರಿಯ ಆಯುಷ್ಯ ಹೇಳುತ್ತಿದ್ದವರ ಕೈಗೆ ಮೀಟರ್ ಬಂತು, ಮೀಟರಿನ ನಂತರ ಚೀಟಿ ಮುದ್ರಿಸುವ ಯಂತ್ರ ಬಂತು. ಚೀಟಿಯಲ್ಲಿ 'ಉತ್ತಮ' ಎಂದು ಬಂದ ಬ್ಯಾಟರಿ ಮರುದಿನವೇ ಫ್ಲೈಓವರ್ ಮೇಲೆ ಸತ್ತದ್ದನ್ನೂ ಕಂಡಿದ್ದೇನೆ. ಬದಲಾವಣೆಯ ವಿರುದ್ಧ ನಾನು ಯಾವತ್ತೂ ಮಾತಾಡಿದವನಲ್ಲ. ನನ್ನ ಬಲಭುಜ ಇವತ್ತಿಗೂ ಎಡಭುಜಕ್ಕಿಂತ ತಗ್ಗಿದೆ. ಹಳೆಯ ಕಾಲ ಒಳ್ಳೆಯದಿತ್ತು ಎಂದು ಅದು ಹೇಳಗೊಡುವುದಿಲ್ಲ.

ಲಾಕ್‌ಡೌನ್ ಸಡಿಲಾದಾಗ ನಮಗೆ ಉಸಿರಾಡಲು ಪುರಸೊತ್ತಿರಲಿಲ್ಲ. ತಿಂಗಳುಗಟ್ಟಲೆ ನಿಂತ ಕಾರುಗಳ ಬ್ಯಾಟರಿ ಸತ್ತಿದ್ದವು. ಮುಲುಂಡ್‌ನ ಒಂದೊಂದು ಹೌಸಿಂಗ್ ಸೊಸೈಟಿಯಿಂದಲೇ ದಿನಕ್ಕೆ ಐದಾರು ಫೋನು. ವ್ಯಾನುಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಕಂಪನಿ ಮೆಕ್ಯಾನಿಕ್‌ಗಳನ್ನು ಬೈಕಿನ ಮೇಲೆ ಕಳಿಸಲು ಶುರುಮಾಡಿತು. ಬೈಕಿನಲ್ಲಿ ದೊಡ್ಡ ಬ್ಯಾಟರಿ ಒಯ್ಯಲಾಗುವುದಿಲ್ಲ. ಅದಕ್ಕೆ ಬೇಕಾದದ್ದು ಜಂಪ್ ಸ್ಟಾರ್ಟರ್: ಊಟದ ಡಬ್ಬಿಯಷ್ಟಿನ ಪೆಟ್ಟಿಗೆ, ಒಳಗೆ ಮೊಬೈಲಿನಲ್ಲಿ ಇರುವಂಥದೇ ಲಿಥಿಯಂ ಬ್ಯಾಟರಿ, ಹೊರಗೆ ಒಂದು ಕೆಂಪು, ಒಂದು ಕಪ್ಪು ಕ್ಲಿಪ್. ಸತ್ತ ಬ್ಯಾಟರಿಗೆ ಕಚ್ಚಿಸಿ ಕೀಲಿ ತಿರುಗಿಸಿದರೆ ಇಂಜಿನ್ ಏಳುತ್ತದೆ.

ಮರುವರ್ಷ ಮಾರ್ಚಿನಲ್ಲಿ ಖರೀದಿ ವಿಭಾಗದ ಕಾಮತ್ ಒಂದು ಕಿತ್ತಳೆ ಬಣ್ಣದ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಕುಂದಾಪುರ ಕಡೆಯವರು, ಲೆಕ್ಕಾಚಾರದ ಮನುಷ್ಯ, ಕೆಟ್ಟವರಲ್ಲ.

"ಬಡಿಗೇರ್, ದೊಡ್ಡ ಕಂಪನಿದು ತಗೊಂಡ್ರೆ ಒಂದರ ರೇಟಲ್ಲಿ ಇದು ಮೂರು ಬರ್ತದೆ. ನೋಡಿ ಹೇಳಿ. ಎರಡು ವಾರ ಟೈಮ್ ಉಂಟು."

"ಮೂರು ವಾರ ಕೊಡ್ರಿ," ಎಂದೆ.

ಮೂರು ವಾರ ನಾನು ಅದನ್ನು ಬಿಡಲಿಲ್ಲ. ಪೆಟ್ರೋಲ್ ಕಾರು, ಡೀಸೆಲ್ ಕಾರು, ಪೂರ್ತಿ ಸತ್ತ ಬ್ಯಾಟರಿ, ಅರ್ಧ ಸತ್ತ ಬ್ಯಾಟರಿ, ಎಲ್ಲದರ ಮೇಲೂ ಹಚ್ಚಿ ನೋಡಿದೆ. ಬೇಕೆಂದೇ ಕ್ಲಿಪ್ ಅದಲುಬದಲು ಮಾಡಿ ಕಚ್ಚಿಸಿದೆ. ಪೆಟ್ಟಿಗೆ ಕೂಗಿಕೊಂಡಿತು, ಕಿಡಿ ಹಾರಲಿಲ್ಲ. ಮುಚ್ಚಿದ ಕಾರಿನಲ್ಲಿ ಇಡೀ ದಿನ ಬಿಸಿಲಿಗಿಟ್ಟೆ. ಎದೆಮಟ್ಟದಿಂದ ನೆಲಕ್ಕೆ ಬೀಳಿಸಿದೆ. ಒಂದರ ಹಿಂದೊಂದು ಎಂಟು ಗಾಡಿ ಎಬ್ಬಿಸಿತು. ಹೊರಗೆ ಬರೆದಿದ್ದ ಆಂಪಿಯರ್ ಪೂರ್ತಿ ಸುಳ್ಳು, ಆದರೆ ನಮ್ಮ ಕೆಲಸಕ್ಕೆ ಬೇಕಾದಷ್ಟು ಶಕ್ತಿ ಇತ್ತು. ಕೊನೆಗೆ ಮುಚ್ಚಳ ಬಿಚ್ಚಿ ಒಳಗಿನ ಹಸಿರು ಬೋರ್ಡಿನ ಫೋಟೋ ತೆಗೆದೆ. ಬೋರ್ಡಿನ ಒಂದು ಮೂಲೆಯಲ್ಲಿ, ಯಾವುದೋ ಭಾಗವನ್ನು ಕೂರಿಸಲು ಮಾಡಿದ ಜಾಗ ಖಾಲಿ ಇತ್ತು. ಬೆಸುಗೆಯ ಚುಕ್ಕೆಗಳಿದ್ದವು, ಭಾಗವಿರಲಿಲ್ಲ. ಒಂದೇ ಬೋರ್ಡನ್ನು ನಾಲ್ಕು ಮಾದರಿಗೆ ಬಳಸುತ್ತಾರೆ, ಇದು ಬೇರೆ ಮಾದರಿಯ ಜಾಗ ಇರಬೇಕು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಫೋಟೋವನ್ನು ಫೈಲಿನಲ್ಲಿ ಹಾಕಿ ವರದಿಗೆ ಸಹಿ ಮಾಡಿದೆ.

ಏಪ್ರಿಲ್ ಎರಡನೇ ವಾರದಲ್ಲಿ ಅರವತ್ತು ಪೆಟ್ಟಿಗೆಗಳು ಅರವತ್ತು ಬೈಕುಗಳ ಮೇಲೆ ಊರ ತುಂಬ ಹೋದವು. ಬಳಸುವುದು ಹೇಗೆ ಎಂದು ನಾನೇ ತೋರಿಸಿಕೊಟ್ಟೆ. ಇಂಜಿನ್ ಎದ್ದ ಕೂಡಲೇ ಕ್ಲಿಪ್ ತೆಗೆಯಬೇಕು ಎಂದೂ ಹೇಳಿದೆ. ಹತ್ತು ಸೂಚನೆಗಳಲ್ಲಿ ಅದು ಏಳನೆಯದೋ ಎಂಟನೆಯದೋ ಆಗಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮೊಬೈಲ್ ಹೊಡೆದುಕೊಂಡಿತು. ಸದಾನಂದ ಪೂಜಾರಿ, ಮುಲುಂಡ್ ಭಾಗದ ಮೆಕ್ಯಾನಿಕ್. ಕಾರ್ಕಳದ ಹತ್ತಿರದವನು, ನಲವತ್ತರ ಆಸುಪಾಸು. ಮಾವನ ಹೋಟೆಲಿನ ಗಲ್ಲಾ ಬೇಡವೆಂದು ಸ್ಪ್ಯಾನರ್ ಹಿಡಿದವನು. ನನ್ನ ಕೈಕೆಳಗೆ ಕೆಲಸ ಕಲಿತವರಲ್ಲಿ ಅವನಷ್ಟು ಶಾಂತ ಮನುಷ್ಯ ಇನ್ನೊಬ್ಬನಿಲ್ಲ. ಆ ದಿನ ಅವನ ದನಿ ಬೇರೆಯಾಗಿತ್ತು.

"ಸರ್, ಪೆಟ್ಟಿಗೆ ಉಬ್ಬಿದೆ. ಮುಚ್ಚಳ ಬಾಯಿ ಬಿಟ್ಟಿದೆ. ಮುಟ್ಟಿದ್ರೆ ಸುಡ್ತದೆ."

"ಎಲ್ಲಿ ಐತದು?"

"ಬಾನೆಟ್ ಒಳಗೆ, ಬ್ಯಾಟರಿ ಪಕ್ಕ. ಕ್ಲಿಪ್ ಹಾಗೇ ಉಂಟು. ಇಂಜಿನ್ ಓಡ್ತಾ ಉಂಟು."

"ಮೊದಲ ಇಂಜಿನ್ ಬಂದ್ ಮಾಡು. ಗಾಡ್ಯಾಗ ಯಾರರ ಅದಾರೇನು?"

"ಒಬ್ರು ಅಜ್ಜ ಹಿಂದಿನ ಸೀಟಲ್ಲಿ. ಡಯಾಲಿಸಿಸ್‌ಗೆ ಹೋಗ್ಬೇಕು ಅವ್ರು. ನಡೀಲಿಕ್ಕೆ ಆಗುದಿಲ್ಲ."

ಕಾರು ಸೊಸೈಟಿಯ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನಲ್ಲಿತ್ತು. ಮೇಲೆ ಏಳು ಮಹಡಿ. ಎರಡೂ ಪಕ್ಕ ಕಾರುಗಳು. ಒಂದರ ಗಾಜಿನ ಮೇಲೆ ಸಿಎನ್‌ಜಿ ಎಂದು ಬರೆದಿದೆ ಎಂದ ಸದಾನಂದ. ಇಂಜಿನ್ ನಿಂತದ್ದು ಫೋನಿನಲ್ಲೇ ಕೇಳಿಸಿತು.

"ಅಜ್ಜಾರನ್ನ ಎತ್ತಿ ದೂರ ಒಯ್ಯು. ಪೆಟಗಿ ಮುಟ್ಟಬ್ಯಾಡ. ಕೇಳಸ್ತದಿಲ್ಲೋ? ಮುಟ್ಟಬ್ಯಾಡ. ವಾಚ್‌ಮನ್‌ಗ ಉಸುಕಿನ ಬಕೀಟು ತರಾಕ ಹೇಳು."

ಅವನು ಫೋನನ್ನು ಜೇಬಿಗೆ ಹಾಕಿಕೊಂಡಿರಬೇಕು. ಬಟ್ಟೆ ಉಜ್ಜುವ ಸದ್ದು, ಕಾರಿನ ಬಾಗಿಲು, ಒಬ್ಬ ಹೆಂಗಸು ಮರಾಠಿಯಲ್ಲಿ ನಿಧಾನ, ನಿಧಾನ ಎನ್ನುವುದು ಕೇಳಿಸಿತು. ಆ ಹೆಂಗಸು ಅಜ್ಜನ ಹೆಂಡತಿ ಜೋಶಿ ಕಾಕಿ. ಕಾರು ಓಡಿಸುವವರು ಅವರೇ ಎಂದು ಆಮೇಲೆ ತಿಳಿಯಿತು. ಸದಾನಂದನ ಏದುಸಿರು ಕೇಳಿಸಿತು. ಎಷ್ಟು ದೂರ ಹೋದರೋ ಗೊತ್ತಾಗಲಿಲ್ಲ. ನಾನು ಕುರ್ಲಾದ ಕೋಣೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ನಿಂತಿದ್ದೆ.

ಮತ್ತೆ ಅವನ ದನಿ ಹತ್ತಿರವಾಯಿತು. "ಸರ್, ಹಿಸ್ ಅಂತ ಸೌಂಡ್ ಬರ್ತಾ ಉಂಟು. ಮೇಲೆ ಫಸ್ಟ್ ಫ್ಲೋರಲ್ಲಿ ಮಕ್ಕಳು ನಿಂತು ನೋಡ್ತಾ ಇದ್ದಾರೆ. ಇಲ್ಲೇ ಹತ್ತಿಕೊಂಡ್ರೆ ಎಲ್ಲ ಗಾಡಿ ಹೋಗ್ತದೆ."

"ಹೋದ್ರ ಹೋಗ್ಲಿ. ನೀ ಹಿಂದ ಸರಿ, ಸದಾನಂದ. ಹಿಂದ ಸರಿ."

ಉತ್ತರ ಬರಲಿಲ್ಲ. ಏನೋ ಎಳೆದ ಸದ್ದು, ಆಮೇಲೆ ಫೋನು ನೆಲಕ್ಕೆ ಬಿದ್ದ ಸದ್ದು. ಅನಂತರ ಸುರುಸುರುಬತ್ತಿಯ ಕಂತೆಗೆ ಒಮ್ಮೆಲೇ ಬೆಂಕಿ ಹಿಡಿದಂಥ ಭುಸ್ಸೆಂಬ ಸದ್ದು. ಜನ ಕಿರುಚಿದರು. ನಾನು ಹಲೋ ಹಲೋ ಎನ್ನುತ್ತಲೇ ಇದ್ದೆ. ಗಡಿಯಾರ ನೋಡಿದರೆ ಎರಡು ನಿಮಿಷವೂ ಆಗಿರಲಿಲ್ಲವೇನೋ. ಕೊನೆಗೆ ಯಾರೋ ಫೋನ್ ಎತ್ತಿಕೊಂಡು, "ಮೈ ವಾಚ್‌ಮನ್ ಬೋಲ್ ರಹಾ ಹೂಂ. ಉನ್‌ಕಾ ಹಾಥ್ ಜಲ್ ಗಯಾ" ಎಂದ. ವಾಚ್‌ಮನ್; ಅವರ ಕೈ ಸುಟ್ಟಿದೆ ಎನ್ನುತ್ತಿದ್ದ.

ಸದಾನಂದ ಕೇಬಲ್ ಹಿಡಿದು ಪೆಟ್ಟಿಗೆಯನ್ನು ಹೊರಗೆಳೆದು, ಕಾರುಗಳಿಲ್ಲದ ಅಂಗಳಕ್ಕೆ ಬೀಸಿ ಎಸೆದಿದ್ದ. ಕೈಯಿಂದ ಬಿಡುವ ಗಳಿಗೆಯಲ್ಲೇ ಅದು ಹೊತ್ತಿಕೊಂಡಿತ್ತು. ಬಲಗೈ ಮಣಿಕಟ್ಟಿನವರೆಗೆ ಸುಟ್ಟಿತ್ತು. ವಾಚ್‌ಮನ್ ಅಂಗಳದಲ್ಲಿ ಉರಿಯುತ್ತಿದ್ದ ಪೆಟ್ಟಿಗೆಯ ಮೇಲೆ ಎರಡು ಬಕೆಟ್ ಮರಳು ಸುರಿದ. ಪಕ್ಕದ ಬಿಲ್ಡಿಂಗಿನವರೊಬ್ಬರು ತಮ್ಮ ಕಾರಿನಲ್ಲಿ ಸದಾನಂದ ಮತ್ತು ಅಜ್ಜ ಇಬ್ಬರನ್ನೂ ಒಂದೇ ಆಸ್ಪತ್ರೆಗೆ ಕರೆದೊಯ್ದರು. ಅಜ್ಜನ ಡಯಾಲಿಸಿಸ್ ಮುಕ್ಕಾಲು ಗಂಟೆ ತಡವಾಗಿ ನಡೆಯಿತು.

ಆಸ್ಪತ್ರೆಗೆ ನಮ್ಮವರನ್ನು ಕಳಿಸಿ ನಾನು ಮಾಡಿದ ಮುಂದಿನ ಕೆಲಸಕ್ಕೆ ಯಾರ ಅನುಮತಿಯನ್ನೂ ಕೇಳಲಿಲ್ಲ. ಉಳಿದ ಐವತ್ತೊಂಬತ್ತು ಮೆಕ್ಯಾನಿಕ್‌ಗಳ ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಪೆಟ್ಟಿಗೆಯನ್ನು ಯಾವುದಕ್ಕೂ ಜೋಡಿಸಬೇಡಿ, ನೆರಳಿನಲ್ಲಿಡಿ, ಕುರ್ಲಾಕ್ಕೆ ತನ್ನಿ, ಉಬ್ಬಿದ್ದರೆ ಮುಟ್ಟದೆ ನನಗೆ ಹೇಳಿ. ಅರ್ಧ ಆಗುವಷ್ಟರಲ್ಲಿ ನಮ್ಮ ಮುಖ್ಯಸ್ಥೆ ಪ್ರಧಾನ್ ಮೇಡಂ ಫೋನ್ ಮಾಡಿದರು. ಕೆಲಸವೆಲ್ಲ ನಿಂತುಹೋಗಿದೆ, ಯಾರನ್ನು ಕೇಳಿ ವಾಪಸ್ ತರಿಸುತ್ತಿದ್ದೀರಿ ಎಂದರು. "ಯಾರನ್ನೂ ಕೇಳಿಲ್ಲ ಮೇಡಂ, ಮುಗಿಸಿ ನಿಮ್ಮ ಹತ್ರ ಬರ್ತೀನಿ," ಎಂದು ಹಿಂದಿಯಲ್ಲಿ ಹೇಳಿ ಫೋನ್ ಇಟ್ಟೆ. ಅಷ್ಟು ವರ್ಷಗಳಲ್ಲಿ ಮೇಲಿನವರ ಫೋನನ್ನು ನಾನಾಗಿ ಇಟ್ಟದ್ದು ಅದೊಂದೇ ಸಲ.

ಐವತ್ತೆಂಟು ಜನ ಸಿಕ್ಕರು. ಶಿಂದೆ ಎಂಬವನೊಬ್ಬ ಸಿಗಲಿಲ್ಲ. ಏಳನೆಯ ಸಲಕ್ಕೆ ಫೋನ್ ಎತ್ತಿಕೊಂಡ. ಹಿಂದೆ ರೈಲಿನ ಸದ್ದು. ಅವನ ಬೈಕ್ ಕೆಟ್ಟಿತ್ತು; ಪೆಟ್ಟಿಗೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಲೋಕಲ್ ಹತ್ತಿದ್ದ.

"ಬೆಳಿಗ್ಗೆ ಬಳಸಿದ್ದೆಯೇನು?"

ಬಳಸಿದ್ದೆ ಎಂದ. ಗಾಡಿ ಮತ್ತೆ ನಿಂತುಬಿಡುತ್ತದೆ ಎಂದು ಗಿರಾಕಿ ಹೆದರಿದ್ದರಿಂದ ಸ್ವಲ್ಪ ಹೊತ್ತು ಕ್ಲಿಪ್ ಹಾಗೆಯೇ ಬಿಟ್ಟಿದ್ದನಂತೆ. ಬ್ಯಾಗು ಬಿಸಿಯಿದೆಯೇ ಎಂದು ಕೇಳಿದೆ. ಮುಟ್ಟಿ ನೋಡಿ, "ಥೋಡಾ ಗರಮ್ ಹೈ ಸಾಹೇಬ್", ಸ್ವಲ್ಪ ಬಿಸಿಯಿದೆ ಎಂದ.

ವಿಕ್ರೋಲಿ ದಾಟಿತ್ತು ಗಾಡಿ. ಮುಂದಿನ ಸ್ಟೇಶನ್ನಿನಲ್ಲೇ ಇಳಿ ಎಂದೆ. ಗದ್ದಲದಲ್ಲಿ ಬಾಗಿಲಿಗೆ ಬರಲು ಆಗುತ್ತಿಲ್ಲ, ಕುರ್ಲಾದಲ್ಲೇ ಇಳಿಯುತ್ತೇನೆ ಎಂದ. ಬ್ಯಾಗನ್ನು ತಲೆಯ ಮೇಲಿನ ರ‍್ಯಾಕಿನಲ್ಲಿಡಬೇಡ, ಎದೆಗೂ ಒತ್ತಿಕೊಳ್ಳಬೇಡ, ಪಟ್ಟಿ ಹಿಡಿದು ಕೆಳಗೆ ಬಿಡು ಎಂದೆ. ಹೇಳುತ್ತಿದ್ದಂತೆ ನನಗೇ ಗೊತ್ತಿತ್ತು, ಆ ಡಬ್ಬಿಯಲ್ಲಿ ಕೆಳಗೆ ಬಿಡಲು ಜಾಗವಿರುವುದಿಲ್ಲ. ಒಂದು ಮಾತು ಜೋರಾಗಿ ಹೇಳಿದರೆ ಓಡುವ ರೈಲಿನಿಂದ ಜನ ಜಿಗಿಯುತ್ತಾರೆ. ಅದಕ್ಕೇ ಅವನಿಗೆ ಬೆಂಕಿ ಎಂಬ ಮಾತನ್ನು ನಾನು ಹೇಳಲೇ ಇಲ್ಲ.

ಒಂದು ಮರಳಿನ ಬಕೆಟ್ ಹಿಡಿದುಕೊಂಡು ಸ್ಟೇಶನ್ನಿಗೆ ಓಡಿದೆ. ಜನ ನನ್ನನ್ನು ವಿಚಿತ್ರವಾಗಿ ನೋಡಿದರು. ಗಾಡಿ ಬಂತು, ಜನ ಇಳಿದರು, ಹತ್ತಿದರು. ಶಿಂದೆ ಕಾಣಲಿಲ್ಲ. ಗಾಡಿ ಹೊರಟ ಮೇಲೆ, ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಬ್ಯಾಗನ್ನು ಒಂದು ಕೈಯಿಂದ ದೂರಕ್ಕೆ ಹಿಡಿದುಕೊಂಡು ನಿಂತಿದ್ದವನು ಕಾಣಿಸಿದ. ನಾನು ಹೇಳದಿದ್ದರೂ ಅವನಿಗೆ ಅರ್ಥವಾಗಿತ್ತು. ಬ್ಯಾಗ್ ತೆರೆದು ನೋಡಿದೆವು. ಪೆಟ್ಟಿಗೆಯ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಮರಳಿನಲ್ಲಿ ಹುಗಿದು, ಇಬ್ಬರೂ ಬಕೆಟ್ಟಿನ ಹಿಡಿಕೆಯ ಒಂದೊಂದು ಬದಿ ಹಿಡಿದು, ಹಿಂದಿನ ದಾರಿಯಿಂದ ವರ್ಕ್‌ಶಾಪಿನ ಅಂಗಳಕ್ಕೆ ತಂದಿಟ್ಟೆವು. ಸಂಜೆಯವರೆಗೆ ಕಾದರೂ ಅದಕ್ಕೆ ಏನೂ ಆಗಲಿಲ್ಲ.

ಮರುದಿನ ಕಂಪನಿಯವರು ಆಸ್ಪತ್ರೆಯಲ್ಲಿ ಸದಾನಂದನ ಹೇಳಿಕೆ ತೆಗೆದುಕೊಂಡರು. ಇಂಜಿನ್ ಎದ್ದ ಮೇಲೆ ಐದು ನಿಮಿಷ ಕ್ಲಿಪ್ ಬಿಟ್ಟಿದ್ದೆ ಎಂದು ಅವನು ಹೇಳಿದ್ದ.

ಮೂರನೆಯ ದಿನ ಅಂಗಳದಲ್ಲಿ ಪರೀಕ್ಷೆ. ಸತ್ತ ಬ್ಯಾಟರಿಯ ಹಳೆಯ ಕಾರು, ಅದಕ್ಕೆ ನನ್ನ ಮೇಜಿನ ಮೇಲೆ ಪಾಸಾಗಿದ್ದ ಅದೇ ಮೊದಲ ಪೆಟ್ಟಿಗೆ. ಪೆಟ್ಟಿಗೆಯನ್ನು ಉದ್ದ ಕೇಬಲ್ಲಿನಿಂದ ಹೊರತಂದು ತಗಡಿನ ಹಿಂದೆ ಮರಳಿನ ಮೇಲಿಟ್ಟು, ಉಷ್ಣತೆ ಅಳೆಯುವ ತಂತಿ ಅಂಟಿಸಿದೆ. ಪ್ರಧಾನ್ ಮೇಡಂ, ಕಾಮತ್ ದೂರದಲ್ಲಿ ನಿಂತರು. ಇಂಜಿನ್ ಎಬ್ಬಿಸಿ ಕ್ಲಿಪ್ ತೆಗೆಯದೆ ಬಿಟ್ಟೆ.

ಐದು ನಿಮಿಷಕ್ಕೆ ಪೆಟ್ಟಿಗೆ ಬೆಚ್ಚಗಾಗಿತ್ತು, ಅಷ್ಟೇ.

"ನೋಡಿ, ಐದು ನಿಮಿಷ ಆಯ್ತಲ್ಲ," ಎಂದರು ಕಾಮತ್. "ಅವ ಬೇರೆ ಎಂತದೋ ಮಾಡಿದ್ದಾನೆ. ಉಲ್ಟಾ ಕೊಟ್ಟಿರ್ಬೇಕು. ಸಾಕು ಬಡಿಗೇರ್, ಬಂದ್ ಮಾಡಿ."

"ಇನ್ನೊಂದೀಟು ಹೊತ್ತು ಇರ್ಲಿ, ಕಾಮತ್ರೇ."

ಹತ್ತು ನಿಮಿಷ. ಹನ್ನೆರಡು. ಇಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಹದಿನಾಲ್ಕಕ್ಕೆ ಮುಚ್ಚಳದ ಅಂಚಿನಲ್ಲಿ ಗೆರೆಯಷ್ಟು ಸಂದು ಕಾಣಿಸಿತು. ಕಾಮತ್ ಎರಡು ಹೆಜ್ಜೆ ಹಿಂದೆ ಸರಿದರು. ಹದಿನೇಳಕ್ಕೆ ಬಿಳಿ ಹೊಗೆ. ನಾನು ಓಡಿ ಇಂಜಿನ್ ಬಂದ್ ಮಾಡಿದೆ, ಆದರೂ ಅದು ನಿಲ್ಲಲಿಲ್ಲ. ಫೋನಿನಲ್ಲಿ ಕೇಳಿದ್ದ ಅದೇ ಸದ್ದನ್ನು ಈಗ ಕಣ್ಣಿನಿಂದ ಕಂಡೆ. ಜ್ವಾಲೆ ತಗಡಿನ ಎತ್ತರ ದಾಟಿತು.

ಕಾರಣ ಸರಳ. ಓಡುವ ಇಂಜಿನ್ ತನ್ನ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಕ್ಲಿಪ್ ಕಚ್ಚಿಕೊಂಡೇ ಇದ್ದರೆ ಅದೇ ವಿದ್ಯುತ್ ಹಿಂದಕ್ಕೆ ಹರಿದು, ಈ ಪುಟ್ಟ ಪೆಟ್ಟಿಗೆಗೂ ಅದು ತಾಳಲಾರದಷ್ಟು ತುಂಬುತ್ತದೆ. ಹಾಗೆ ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಭಾಗ ಇರಬೇಕು. ನನ್ನ ಫೋಟೋದಲ್ಲಿ ಖಾಲಿ ಕಂಡ ಜಾಗ ಅದರದ್ದು. ಮೂರು ವಾರ ನಾನು ಎಲ್ಲ ಪರೀಕ್ಷೆ ಮಾಡಿದೆ, ಆದರೆ ಪ್ರತಿ ಸಲವೂ ಇಂಜಿನ್ ಎದ್ದ ಮರುಕ್ಷಣ ನನ್ನ ಕೈ ತಾನಾಗಿಯೇ ಕ್ಲಿಪ್ ತೆಗೆದಿತ್ತು. ಮೂವತ್ತಾರು ವರ್ಷದ ಅಭ್ಯಾಸ. ತೆಗೆಯದಿದ್ದರೆ ಏನಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಸಂಜೆ ಪ್ರಧಾನ್ ಮೇಡಂ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಅವರ ಮುಂದೆ ನನ್ನ ಹಳೆಯ ಫೈಲ್ ತೆರೆದಿತ್ತು, ಆ ಫೋಟೋದ ಪುಟಕ್ಕೆ.

"ನಿಮ್ಮ ನಿವೃತ್ತಿಗೆ ಇನ್ನು ನಾಲ್ಕು ತಿಂಗಳು," ಎಂದರು. "ನೀವು ಪರೀಕ್ಷೆ ಮಾಡಿದ ಪೆಟ್ಟಿಗೆ ಚೆನ್ನಾಗಿತ್ತು, ಆಮೇಲೆ ಬಂದ ಮಾಲು ಬೇರೆಯಿತ್ತು ಎಂದು ಬರೆಯಿರಿ. ತಪ್ಪು ಮಾರಿದವರ ಮೇಲೆ ಹೋಗುತ್ತದೆ. ಇಲ್ಲದಿದ್ದರೆ ಎರಡೇ ದಾರಿ. ಒಂದೋ ನಿಮ್ಮ ತಪ್ಪು, ಇಲ್ಲವೇ ಪೂಜಾರಿಯ ತಪ್ಪು. ಅವನ ತಪ್ಪಾದರೆ ಅವನ ಚಿಕಿತ್ಸೆ, ನೌಕರಿ ಎರಡೂ ನನ್ನ ಕೈಯಲ್ಲಿ ಇರುವುದಿಲ್ಲ."

ಅವರು ನನ್ನನ್ನು ಕಾಪಾಡಲು ನೋಡುತ್ತಿದ್ದರು, ಸದಾನಂದನನ್ನೂ ಸಹ. ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಒಂದು ಗಳಿಗೆ ನನಗೂ ಆಸೆಯಾಯಿತು. ಮಾರಿದವರು ಒಳ್ಳೆಯವರೇನಲ್ಲ, ಸುಳ್ಳು ಆಂಪಿಯರ್ ಬರೆದವರು ಅವರೇ. ಅವರ ಮೇಲೆ ಇನ್ನೊಂದು ಸುಳ್ಳು ಹಾಕಿದರೆ ಯಾರು ಕೇಳುತ್ತಾರೆ. ಆದರೆ ಆ ದಿನ ಪರೀಕ್ಷೆಯಲ್ಲಿ ಸುಟ್ಟದ್ದು ನಾನು ಪಾಸು ಮಾಡಿದ ಪೆಟ್ಟಿಗೆಯೇ. ಹಾಗೆ ಬರೆದರೆ ನಮ್ಮ ಪರೀಕ್ಷೆ ಸರಿಯಾಗಿತ್ತು ಎಂದಾಗುತ್ತದೆ, ಮುಂದಿನ ಪೆಟ್ಟಿಗೆಯನ್ನೂ ನಾವು ಹಾಗೆಯೇ ಪರೀಕ್ಷಿಸುತ್ತೇವೆ. ಒಂದು ದಿನ ಟೈಮ್ ಕೊಡಿ ಎಂದು ಕೇಳಿ ಎದ್ದುಬಂದೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಸದಾನಂದ ಮುಲುಂಡ್‌ನ ತನ್ನ ಮನೆಯಲ್ಲಿದ್ದ. ಮರುದಿನ ಹೋದೆ. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಅವನ ಹೆಂಡತಿ ಚಹಾ ಇಟ್ಟು ಒಳಗೆ ಹೋದರು. ನಾನು ಫೋಟೋ ತೋರಿಸಿ, ಖಾಲಿ ಜಾಗವನ್ನು ನೋಡಿಯೂ ಸಹಿ ಮಾಡಿದ್ದನ್ನು ಹೇಳಿದೆ.

ಅವನು ಬಹಳ ಹೊತ್ತು ಫೋಟೋ ನೋಡಿದ. "ನೀವು ಸೈನ್ ಮಾಡಿದ್ದು ಅಂತ ನಾನು ಎರಡು ಸಲ ಯೋಚನೆ ಮಾಡ್ಲಿಲ್ಲ ಸರ್," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಪರೀಕ್ಷೆಯಲ್ಲಿ ಏನಾಯಿತು ಎಂದು ಕೇಳಿದ. ಹದಿನೇಳು ನಿಮಿಷ ಎಂದೆ. ಅವನು ತಲೆ ತಗ್ಗಿಸಿದ.

"ಐದು ನಿಮಿಷ ಅಂದದ್ದು ಸುಳ್ಳು ಸರ್. ಇಪ್ಪತ್ತು ಆಗಿರ್ಬಹುದು."

"ಎಲ್ಲಿಗೆ ಹೋಗಿದ್ದಿ?"

"ಮೂರನೇ ಮಾಳಿಗೆಗೆ. ಲಿಫ್ಟ್ ಬಂದ್ ಇತ್ತು. ಇಂಜಿನ್ ಒಮ್ಮೆ ನಿಂತ್ರೆ ಮತ್ತೆ ಏಳ್ತದಾ ಅಂತ ಆ ಕಾಕಿಗೆ ಹೆದರಿಕೆ, ಅದಕ್ಕೆ ಕ್ಲಿಪ್ ಬಿಟ್ಟೆ. ಅಜ್ಜನನ್ನ ಕುರ್ಚಿಯಲ್ಲಿ ಕೂರಿಸಿ ಇಳಿಸ್ಬೇಕು. ವಾಚ್‌ಮನ್ ಒಬ್ಬನೇ. ಅವ್ರಿಗೆ ಹತ್ತೂವರೆಗೆ ಮೆಷಿನ್ ಸಿಗ್ಬೇಕಿತ್ತು. ಒಂದು ಕಡೆ ನಾನು ಹಿಡ್ದೆ." ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡು ಹೇಳಿದ: "ಇಂಜಿನ್ ಓಡ್ತಿರುವಾಗ ಗಾಡಿ ಬಿಟ್ಟು ಹೋದ್ರೆ ಕಂಪನಿ ತೆಗೀತದೆ. ರೂಲ್ ಉಂಟಲ್ಲ. ಅದಕ್ಕೆ ಐದು ಅಂದೆ."

ಅಜ್ಜ ನಡೆಯಲಾರರು ಎಂದು ಅವನು ಫೋನಿನಲ್ಲೇ ಹೇಳಿದ್ದ. ಹಾಗಾದರೆ ಅವರು ಕಾರಿನವರೆಗೆ ಹೇಗೆ ಬಂದರು ಎಂದು ನಾನು ಕೇಳಿರಲೇ ಇಲ್ಲ.

"ನಾ ನಂದು ಬರೀತೀನಿ," ಎಂದೆ. "ನಿಂದು ನಾ ಬರಿಯೂದಿಲ್ಲ. ಅದನ್ನ ಹೇಳೂದು ಬಿಡೂದು ನಿನಗ ಬಿಟ್ಟದ್ದು."

ಆ ರಾತ್ರಿ ವರದಿ ಬರೆದೆ. ಫೋಟೋ ಲಗತ್ತಿಸಿ, ಖಾಲಿ ಜಾಗವನ್ನು ಕಂಡೂ ವಿಚಾರಿಸಲಿಲ್ಲ, ಇಂಜಿನ್ ಓಡುವಾಗ ಕ್ಲಿಪ್ ಬಿಟ್ಟು ಪರೀಕ್ಷಿಸಲಿಲ್ಲ ಎಂದು ಬರೆದು ಸಹಿ ಹಾಕಿದೆ. ಎರಡು ದಿನದ ನಂತರ ವಿಚಾರಣೆ. ಮೇಜಿನ ಒಂದು ಕಡೆ ಮೇಡಂ, ಕಾಮತ್, ಹೆಡ್ ಆಫೀಸಿನಿಂದ ಬಂದ ಇಬ್ಬರು. ಈ ಕಡೆ ನಾನು, ಸದಾನಂದ. ನನ್ನ ವರದಿ ಓದಿದರು. ಹೆಡ್ ಆಫೀಸಿನವರಲ್ಲೊಬ್ಬರು, ಐದು ನಿಮಿಷಕ್ಕೆ ಬೆಂಕಿ ಹತ್ತುವುದಿಲ್ಲ ಎಂದು ನಿಮ್ಮ ಪರೀಕ್ಷೆಯೇ ಹೇಳುತ್ತದಲ್ಲ ಎಂದರು. ನಾನು ಬಾಯಿ ತೆರೆಯುವ ಮೊದಲೇ ಸದಾನಂದ ಎದ್ದು ನಿಂತು, ನನಗೆ ಹೇಳಿದ್ದನ್ನೆಲ್ಲ ಹಿಂದಿಯಲ್ಲಿ ಒಂದೂ ಬಿಡದೆ ಹೇಳಿದ.

"ಹಾಗಾದ್ರೆ ಇದು ನಿನ್ನದೇ ತಪ್ಪಲ್ಲವೋ," ಎಂದರು ಕಾಮತ್ ಕನ್ನಡದಲ್ಲಿ.

"ಹೌದು ಸರ್. ಬಿಟ್ಟು ಹೋದದ್ದು ನನ್ನ ತಪ್ಪೇ."

ಪ್ರಧಾನ್ ಮೇಡಂ ಪೆನ್ನು ಕೆಳಗಿಟ್ಟು, "ನೀನು ಹೋಗದಿದ್ದರೆ ಅವರನ್ನು ಯಾರು ಇಳಿಸುತ್ತಿದ್ದರು?" ಎಂದು ಕೇಳಿದರು.

ಸದಾನಂದ ಯೋಚಿಸಿದ. "ಗೊತ್ತಿಲ್ಲ ಮೇಡಂ. ಬೇರೆ ಯಾರೂ ಇರ್ಲಿಲ್ಲ."

ವಾರದ ನಂತರ ತೀರ್ಮಾನ ಬಂತು. ಉಳಿದ ಐವತ್ತೊಂಬತ್ತೂ ಪೆಟ್ಟಿಗೆ ರದ್ದು. ಸದಾನಂದನ ಚಿಕಿತ್ಸೆ ಕಂಪನಿಯದೇ, ನೌಕರಿ ಉಳಿಯಿತು. ನಮ್ಮಿಬ್ಬರಿಗೂ ಒಂದೊಂದು ಎಚ್ಚರಿಕೆಯ ಪತ್ರ. ನನ್ನ ಸೇವಾ ಪುಸ್ತಕದಲ್ಲಿರುವ ಏಕೈಕ ಪತ್ರ ಅದು. ಸದಾನಂದನ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಈಗ ಅವನು ಬೈಕಿನ ಮೇಲೆ ಹೋಗುವುದಿಲ್ಲ. ಆ ಪರೀಕ್ಷಾ ಕೋಣೆಯಲ್ಲಿ ಕೂರುತ್ತಾನೆ.

ಉಳಿದ ನಾಲ್ಕು ತಿಂಗಳಲ್ಲಿ ನಾನು ಮಾಡಿದ ಒಂದೇ ಕೆಲಸವೆಂದರೆ ಪರೀಕ್ಷೆಗಳ ಪಟ್ಟಿಯನ್ನು ಹೊಸದಾಗಿ ಬರೆದದ್ದು. ಪ್ರತಿ ಪರೀಕ್ಷೆಯ ಮುಂದೆ 'ಏಕೆ' ಎಂಬ ಒಂದು ಸಾಲು. ಇಂಜಿನ್ ಎದ್ದ ಮೇಲೆ ಕ್ಲಿಪ್ ತೆಗೆಯದೆ ಒಂದು ಗಂಟೆ ಓಡಿಸಬೇಕು ಎಂಬ ಪರೀಕ್ಷೆಯ ಮುಂದೆ ನಾನು ಬರೆದದ್ದು: 'ಮೆಕ್ಯಾನಿಕ್ ಯಾರನ್ನೋ ಮೂರನೇ ಮಹಡಿಯಿಂದ ಎತ್ತಿಕೊಂಡು ಇಳಿಯುತ್ತಿರಬಹುದು.' ಆಫೀಸಿನಲ್ಲಿ ಟೈಪ್ ಮಾಡಿದವರು ಅದನ್ನು ತಿದ್ದಿ, 'ಬಳಕೆದಾರರ ಅಜಾಗರೂಕತೆ' ಎಂದು ಮಾಡಿ ಕಳಿಸಿದರು. ಆ ಹಾಳೆಯನ್ನು ವಾಪಸ್ ಒಯ್ದು ಅವರ ಮೇಜಿನ ಮೇಲಿಟ್ಟು, ನಾನು ಬರೆದದ್ದನ್ನೇ ಹಾಕಿ ಎಂದೆ. ಅವರು ನನ್ನ ಮುಖ ನೋಡಿದರು. ಹೊಸ ಹಾಳೆ ಪ್ರಿಂಟ್ ಆಗಿ ಹೊರಗೆ ಬರುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.